ಮಾರ್ಗರೆಟ್ ಬರ್ಕ್-ವೈಟ್: ಬೇಸಗೆಯ ಶಿಬಿರದಿಂದ ಗಾಂಧೀಜಿಯ ಚರಕದವರೆಗೆ

ಗಾಂಧೀಜಿಯವರ ಛಾಯಾಚಿತ್ರಗಳಲ್ಲಿ ಒಂದು ನಮ್ಮೆಲ್ಲರಿಗೂ ಚಿರಪರಿಚಿತವಾದದ್ದು. ಮುಂಭಾಗದಲ್ಲಿ ದೊಡ್ಡದಾಗಿ ಕಾಣುವ ಚರಕ. ಅದರ ಹಿಂದೆ ನೆಲದ ಮೇಲಿನ ಹಾಸಿನಲ್ಲಿ ಕುಳಿತು, ತಲೆಬಾಗಿಸಿ, ಕೈಯಲ್ಲಿಯ ಕಾಗದವನ್ನು ಓದುತ್ತಿರುವ ಗಾಂಧೀಜಿ. ಹಿನ್ನೆಲೆಯ ಕಿಟಕಿಯಿಂದ ಇಳಿದುಬರುವ ಬೆಳಕು. ಶಾಲೆಯ ಪಾಠಪುಸ್ತಕಗಳಲ್ಲಿ, ಕಚೇರಿಯ ಗೋಡೆಗಳಲ್ಲಿ ಈ ಚಿತ್ರವನ್ನು ನೋಡಿದವರು ಲಕ್ಷಾಂತರ ಮಂದಿ. ಅದನ್ನು ತೆಗೆದವರು ಯಾರೆಂದು ಕೇಳಿದರೆ ಉತ್ತರ ಹೇಳಬಲ್ಲವರು ಕೆಲವರೇ. ಆಕೆ ಮಾರ್ಗರೆಟ್ ಬರ್ಕ್-ವೈಟ್ ಎಂಬ ಅಮೆರಿಕದ ಮಹಿಳೆ. ಉಕ್ಕಿನ ಕಾರ್ಖಾನೆ, ಯುದ್ಧಭೂಮಿ, ಸೆರೆಶಿಬಿರಗಳನ್ನು ಚಿತ್ರಿಸಿ ಜಗತ್ತಿನ ಹೆಸರುವಾಸಿ ಛಾಯಾಗ್ರಾಹಕರ ಸಾಲಿನಲ್ಲಿ ನಿಂತವಳು. ಆದರೆ ಈ ಕೀರ್ತಿಗೆಲ್ಲ ಮೊದಲು, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಆಕೆ ಒಂದು ಸರೋವರದ ದಂಡೆಯ ಬೇಸಗೆ ಶಿಬಿರದಲ್ಲಿ ಮಕ್ಕಳಿಗೆ ಚಿತ್ರ ತೆಗೆಯುವುದನ್ನು ಹೇಳಿಕೊಡುವ ಉಪಾಧ್ಯಾಯಿನಿಯಾಗಿದ್ದಳು. ಆಕೆಯ ಜೀವನಚರಿತ್ರೆಯಲ್ಲಿ ಆ ಬೇಸಗೆಗೆ ಸಿಗುವುದು ಒಂದೆರಡು ಪುಟಗಳು ಮಾತ್ರ. ಆದರೂ ಆಕೆಯ ಬದುಕಿನ ಬೀಜ ಅಲ್ಲಿಯೇ ಬಿದ್ದಿತೆಂದು ತೋರುತ್ತದೆ.

ಮಾರ್ಗರೆಟ್ ಹುಟ್ಟಿದ್ದು 1904ರ ಜೂನ್ 14ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಬೆಳೆದದ್ದು ನ್ಯೂಜರ್ಸಿಯ ಬೌಂಡ್ ಬ್ರೂಕ್ ಎಂಬ ಸಣ್ಣ ಊರಿನಲ್ಲಿ. ತಂದೆ ಜೋಸೆಫ್ ವೈಟ್ ಅಚ್ಚಿನ ಯಂತ್ರಗಳನ್ನು ರೂಪಿಸುತ್ತಿದ್ದ ಎಂಜಿನಿಯರ್. ಬಹಳ ಮಿತಭಾಷಿ. ಯಾವುದೋ ಯಂತ್ರದ ಯೋಚನೆ ತಲೆಯೊಳಗೆ ಹೊಕ್ಕಿತೆಂದರೆ ಎದುರಿಗಿದ್ದವರನ್ನೂ ಮರೆತುಬಿಡುವ ಸ್ವಭಾವ. ತಾಯಿ ಮಿನಿ ಬರ್ಕ್ ಕಟ್ಟುನಿಟ್ಟಿನ ಹೆಂಗಸು. ಸುಲಭವಾದ ದಾರಿ ಒಂದು, ಕಷ್ಟದ ದಾರಿ ಒಂದು ಇದ್ದರೆ ಕಷ್ಟದ್ದನ್ನೇ ಹಿಡಿಯಬೇಕೆಂದು ಮಕ್ಕಳಿಗೆ ಬಾಲ್ಯದಿಂದಲೂ ಬೋಧಿಸಿದವಳು. ತಂದೆಗೆ ಇದ್ದ ಒಂದೇ ವಿನೋದವೆಂದರೆ ಛಾಯಾಗ್ರಹಣ. ಮನೆಯ ಗೋಡೆಗಳ ಮೇಲೆಲ್ಲ ಆತನು ತೆಗೆದ ಚಿತ್ರಗಳು ತೂಗುತ್ತಿದ್ದುವು. ಸ್ನಾನದ ತೊಟ್ಟಿಯಲ್ಲಿ ಚಿತ್ರಗಳನ್ನು ತೊಳೆಯುವಾಗ ಪುಟ್ಟ ಮಾರ್ಗರೆಟ್ ನೆರವಾಗುತ್ತಿದ್ದಳು. ಹುಳುಹುಪ್ಪಟೆ, ಹಾವು, ಆಮೆಗಳಲ್ಲಿ ಆಸಕ್ತಿಯನ್ನು ಹುಟ್ಟಿಸಿದವನೂ ಆತನೇ. ಮಗಳು ದೊಡ್ಡವಳಾದ ಮೇಲೆ ಪ್ರಾಣಿಶಾಸ್ತ್ರಜ್ಞೆಯಾಗಬೇಕೆಂದು ನಿಶ್ಚಯಿಸಿಕೊಂಡಿದ್ದಳು. ಒಮ್ಮೆ ಆತನು ಆಕೆಯನ್ನು ಒಂದು ಎರಕದ ಕಾರ್ಖಾನೆಗೆ ಕರೆದೊಯ್ದನು. ಕತ್ತಲೆಯ ನಡುವೆ ಕರಗಿದ ಕಬ್ಬಿಣ ಕಿಡಿಗಳನ್ನು ಚೆಲ್ಲುತ್ತ ಹರಿದ ಆ ನೋಟವನ್ನು ಆಕೆ ಎಂದೂ ಮರೆಯಲಿಲ್ಲ. ಆದರೂ ಒಂದು ಸಂಗತಿ ಆಶ್ಚರ್ಯವನ್ನುಂಟುಮಾಡುತ್ತದೆ. ತಂದೆ ಬದುಕಿದ್ದಷ್ಟು ಕಾಲ ಆಕೆ ತಾನಾಗಿ ಕ್ಯಾಮರಾ ಹಿಡಿದದ್ದು ಇಲ್ಲವೆಂದೇ ಹೇಳಬೇಕು.

1921ರಲ್ಲಿ ಆಕೆ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯವನ್ನು ಸೇರಿದಳು. ಮರುವರ್ಷದ ಜನವರಿಯಲ್ಲಿ ತಂದೆ ಪಾರ್ಶ್ವವಾಯುವಿಗೆ ತುತ್ತಾಗಿ ತೀರಿಕೊಂಡನು. ಕೈಯಲ್ಲಿ ಹಣವಿರಲಿಲ್ಲ, ತಾಯಿಯ ಮೇಲೆ ಮೂವರು ಮಕ್ಕಳ ಭಾರ. ಓದನ್ನು ಮುಂದುವರಿಸುವುದೇ ಸಂದೇಹವಾಯಿತು. ಆ ದಿನಗಳಲ್ಲಿಯೇ ಮಾರ್ಗರೆಟ್ ಕ್ಲಾರೆನ್ಸ್ ವೈಟ್ ಎಂಬ ಪ್ರಸಿದ್ಧ ಛಾಯಾಗ್ರಾಹಕನ ತರಗತಿಗೆ ಸೇರಿದ್ದಳು. ಹೆಸರಿನಲ್ಲಿ ಹೋಲಿಕೆಯಿದ್ದರೂ ಬಂಧುತ್ವವೇನೂ ಇರಲಿಲ್ಲ. ತಾಯಿ ಆ ಬಡತನದ ನಡುವೆಯೂ ಇಪ್ಪತ್ತು ಡಾಲರು ಹೊಂದಿಸಿ ಮಗಳಿಗೆ ಒಂದು ಹಳೆಯ ಐಕಾ ರಿಫ್ಲೆಕ್ಸ್ ಕ್ಯಾಮರಾವನ್ನು ಕೊಂಡುಕೊಟ್ಟಳು. ಅದರ ಮಸೂರದಲ್ಲಿ ನೇರವಾಗಿ ಒಂದು ಬಿರುಕು ಹಾದುಹೋಗಿತ್ತು.

ಕ್ಲಾರೆನ್ಸ್ ವೈಟನ ವಿಷಯವಾಗಿ ಇಲ್ಲಿ ನಾಲ್ಕು ಮಾತು ಹೇಳುವುದು ಅವಶ್ಯಕ. ಒಹಾಯೊ ರಾಜ್ಯದ ನ್ಯೂವಾರ್ಕ್ ಎಂಬ ಊರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಈತ, ಬಿಡುವಿನ ವೇಳೆಯಲ್ಲಿ ಚಿತ್ರ ತೆಗೆದು ತೆಗೆದು ಕಲಾವಿದನಾದವನು. 1907ರಿಂದ ಕೊಲಂಬಿಯದಲ್ಲಿ ಪಾಠ ಹೇಳತೊಡಗಿ, 1910ರಲ್ಲಿ ಮೇನ್ ರಾಜ್ಯದ ಕಡಲ ತೀರದಲ್ಲಿ ಛಾಯಾಗ್ರಹಣಕ್ಕಾಗಿಯೇ ಒಂದು ಬೇಸಗೆ ಶಾಲೆಯನ್ನು ತೆರೆದನು. 1914ರಲ್ಲಿ ನ್ಯೂಯಾರ್ಕಿನಲ್ಲಿ ಸ್ವಂತ ವಿದ್ಯಾಶಾಲೆಯನ್ನು ಸ್ಥಾಪಿಸಿದನು. ಯಂತ್ರದ ವಿವರಗಳಿಗಿಂತ ಚಿತ್ರದ ಕಟ್ಟಡವೇ ಆತನಿಗೆ ಮುಖ್ಯ. ಬೆಳಕು ಎಲ್ಲಿ ಬೀಳಬೇಕು, ಕತ್ತಲೆಗೆ ಎಷ್ಟು ಜಾಗ ಕೊಡಬೇಕು, ರೇಖೆಗಳು ಕಣ್ಣನ್ನು ಎತ್ತ ಕರೆದೊಯ್ಯಬೇಕು ಎಂಬುದನ್ನು ವಿದ್ಯಾರ್ಥಿಗಳು ತಾವಾಗಿಯೇ ಕಂಡುಕೊಳ್ಳುವಂತೆ ಮಾಡುತ್ತಿದ್ದನು. ಹತ್ತಿರದ ಯಾವುದೋ ಸಾಧಾರಣ ಕಬ್ಬಿಣದ ಗೇಟನ್ನು ತೋರಿಸಿ ಅದರ ಚಿತ್ರವನ್ನು ತೆಗೆದುತರಲು ಕಳುಹಿಸುವುದು ಆತನ ಪದ್ಧತಿಗಳಲ್ಲಿ ಒಂದಾಗಿದ್ದಿತು. ಅಂದವಿಲ್ಲದ ವಸ್ತುವಿನೆದುರು ನಿಂತವನು ನೋಡಲೇಬೇಕಾಗುತ್ತದೆ; ಅಂದವಾದ ವಸ್ತುವಾದರೆ ನೋಡದೆಯೇ ಚಿತ್ರ ತೆಗೆದು ಹೊರಟುಬಿಡಬಹುದು. ಯಾವ ವಿದ್ಯಾರ್ಥಿಯ ಕೆಲಸವನ್ನೂ ಆತನು ಹಳಿಯುತ್ತಿರಲಿಲ್ಲ. ಅದರಲ್ಲಿಯ ಒಂದು ಗುಣವನ್ನು ಹುಡುಕಿ ತೋರಿಸುತ್ತಿದ್ದನು. ಡೊರೊಥಿಯಾ ಲ್ಯಾಂಗ್, ಪಾಲ್ ಔಟರ್‌ಬ್ರಿಜ್, ರಾಲ್ಫ್ ಸ್ಟೈನರ್ ಮೊದಲಾದವರು ಆತನ ಶಿಷ್ಯರು. ಬೋಧನೆಯೇ ಆತನ ಬಾಳಾಗಿದ್ದಿತು. 1925ರ ಬೇಸಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಮೆಕ್ಸಿಕೊ ನಗರಕ್ಕೆ ಹೋಗಿದ್ದಾಗ ಅಲ್ಲಿಯೇ ಮರಣ ಹೊಂದಿದನು.

ಇಂಥ ಗುರುವಿನ ಪಾಠ ಇನ್ನೂ ಕಿವಿಯಲ್ಲಿರುವಾಗಲೇ, 1922ರ ಬೇಸಗೆಯಲ್ಲಿ, ಮಾರ್ಗರೆಟ್ ಕನೆಕ್ಟಿಕಟ್ ರಾಜ್ಯದ ಬ್ಯಾಂಟಮ್ ಸರೋವರದ ಬಳಿಯಿದ್ದ ಅಗಾಮಿಂಗ್ ಶಿಬಿರದಲ್ಲಿ ಕೆಲಸಕ್ಕೆ ಸೇರಿದಳು. ಅಮೆರಿಕದಲ್ಲಿ ಬೇಸಗೆಯ ರಜ ದೀರ್ಘವಾದದ್ದು. ಪಟ್ಟಣದ ಮಕ್ಕಳನ್ನು ಆ ರಜದಲ್ಲಿ ಕಾಡು, ಕೆರೆ, ಬೆಟ್ಟಗಳ ನೆರೆಯಲ್ಲಿ ಇರಿಸಿ, ಈಜು, ದೋಣಿ, ಕೈಕೆಲಸಗಳನ್ನು ಕಲಿಸುವ ಪದ್ಧತಿ ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೊದಲಾಗಿದ್ದಿತು. ಇದೇ ಕನೆಕ್ಟಿಕಟ್ಟಿನ ವಾಷಿಂಗ್‌ಟನ್ ಎಂಬ ಹಳ್ಳಿಯ ಉಪಾಧ್ಯಾಯ ಫ್ರೆಡರಿಕ್ ಗನ್ 1861ರಲ್ಲಿ ತನ್ನ ಶಾಲೆಯ ಹುಡುಗರನ್ನು ಕಡಲ ತೀರಕ್ಕೆ ಕರೆದೊಯ್ದು ಎರಡು ವಾರ ಡೇರೆಗಳಲ್ಲಿ ಇರಿಸಿದನು. ಅಮೆರಿಕದ ಬೇಸಗೆ ಶಿಬಿರಗಳ ಮೊದಲು ಅದೇ ಎಂದು ಎಣಿಕೆ. 1900ರಲ್ಲಿ ಕೊಡಕ್ ಕಂಪೆನಿ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮರಾವನ್ನು ಒಂದು ಡಾಲರಿಗೆ ಮಾರತೊಡಗಿದ ಮೇಲೆ ಚಿತ್ರ ತೆಗೆಯುವುದು ಮಕ್ಕಳ ಕೈಗೂ ಎಟುಕಿತು. ಹೀಗೆ ಶಿಬಿರದ ಪಾಠಗಳಲ್ಲಿ ಛಾಯಾಗ್ರಹಣವೂ ಸ್ಥಾನ ಪಡೆಯಿತು. ಮಾರ್ಗರೆಟ್ಟಳ ಪಾಲಿಗೆ ಬಂದದ್ದು ಆ ಪಾಠ. ಜೊತೆಗೆ, ಆಕೆಗೆ ಪ್ರಿಯವಾದ ಪ್ರಕೃತಿಪಾಠ.

ಆ ಕಾಲದಲ್ಲಿ ಮಕ್ಕಳಿಗೆ ಈ ಕಲೆಯನ್ನು ಕಲಿಸುವುದು ಇಂದಿನಷ್ಟು ಸರಾಗವಾಗಿರಲಿಲ್ಲವೆಂಬುದನ್ನು ನೆನೆಯಬೇಕು. ಗುಂಡಿ ಒತ್ತಿದಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ, ಅಲ್ಲಿಂದ ಪ್ರಾರಂಭವಾಗುತ್ತಿತ್ತು. ಒಂದು ಕೋಣೆಗೆ ಬೆಳಕು ನುಸುಳದಂತೆ ಸಂದುಗೊಂದುಗಳನ್ನೆಲ್ಲ ಮುಚ್ಚಬೇಕು. ಕೆಂಪು ದೀಪದ ಮಂದ ಬೆಳಕಿನಲ್ಲಿ ರಾಸಾಯನಿಕಗಳನ್ನು ಅಳತೆಯಂತೆ ಬೆರಸಬೇಕು. ದ್ರಾವಣ ಬಿಸಿಯಾದರೆ ಕೆಡುಕು, ತಣ್ಣಗಾದರೂ ಕೆಡುಕು. ಚಿತ್ರ ಮೂಡಿದ ಮೇಲೆ ಅದು ನಿಲ್ಲುವಂತೆ ಹೈಪೊವಿನಲ್ಲಿ ಅದ್ದಿ, ಬಹಳ ಹೊತ್ತು ನೀರಿನಲ್ಲಿ ತೊಳೆದು, ಒಣಗಿಸಿ, ನೆಗೆಟಿವ್‌ನಿಂದ ಕಾಗದದ ಮೇಲೆ ಪ್ರತಿ ತೆಗೆಯಬೇಕು. ಒಂದು ಕ್ಷಣದ ಅಜಾಗ್ರತೆಯಿಂದ ಒಂದು ದಿನದ ಶ್ರಮ ವ್ಯರ್ಥ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ತಾಳ್ಮೆ ಕಡಮೆ, ಕುತೂಹಲ ಹೆಚ್ಚು. ಬಿಳಿಯ ಕಾಗದದ ಮೇಲೆ ತಮ್ಮ ಗೆಳೆಯನ ಮುಖ ನಿಧಾನವಾಗಿ ಮೂಡಿಬರುವುದನ್ನು ಒಮ್ಮೆ ಕಂಡರೆ ಆ ಕುತೂಹಲವೇ ತಾಳ್ಮೆಯನ್ನು ಕಲಿಸುತ್ತದೆ. ಪಾಠ ಹೇಳಿದವರಿಗೆಲ್ಲ ತಿಳಿದಿರುವ ಇನ್ನೊಂದು ಸಂಗತಿಯೂ ಉಂಟು: ಮಕ್ಕಳ ಪ್ರಶ್ನೆಗೆ ಉತ್ತರ ಹೇಳಹೊರಟಾಗಲೇ ನಮಗೆ ಎಷ್ಟು ತಿಳಿದಿದೆ, ಎಷ್ಟು ತಿಳಿಯದು ಎಂಬುದು ಗೊತ್ತಾಗುವುದು. ಕೆಲವೇ ತಿಂಗಳ ಹಿಂದೆ ಕ್ಯಾಮರಾ ಹಿಡಿದಿದ್ದ ಈ ತರುಣಿಗೆ, ತಾನು ಕಲಿತದ್ದನ್ನು ಗಟ್ಟಿಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಶಾಲೆ ದೊರೆಯುತ್ತಿರಲಿಲ್ಲ.

ಹಣದ ಅಗತ್ಯ ಆಕೆಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ತಳ್ಳಿತು. ಶಿಬಿರದ ನೋಟಗಳನ್ನೂ ಶಿಬಿರವಾಸಿಗಳನ್ನೂ ಚಿತ್ರಿಸಿ, ಅಂಚೆ ಕಾರ್ಡಿನ ರೂಪದಲ್ಲಿ ಪ್ರತಿ ತೆಗೆದು ಮಾರತೊಡಗಿದಳು. ಮನೆಯಿಂದ ದೂರವಿರುವ ಮಕ್ಕಳು ತಾವಿರುವ ಜಾಗದ ಚಿತ್ರವನ್ನು ತಂದೆತಾಯಿಗಳಿಗೆ ಕಳುಹಿಸಲು ಇಷ್ಟಪಡುವುದು ಸಹಜ. ಬೇಡಿಕೆ ಏರಿತು. ಹಗಲು ಪಾಠ, ರಾತ್ರಿ ಕತ್ತಲೆ ಕೋಣೆಯಲ್ಲಿ ಕಾರ್ಡುಗಳ ತಯಾರಿಕೆ. ಒಡೆದ ಮಸೂರದ ಕ್ಯಾಮರಾದಿಂದ ಮೂಡಿದ ಚಿತ್ರಕ್ಕೂ ಕೊಳ್ಳುವವರಿದ್ದಾರೆ, ತಂದೆಯ ವಿನೋದ ಮಗಳ ಜೀವನೋಪಾಯವಾಗಬಲ್ಲದು ಎಂಬ ಅರಿವು ಆಕೆಗೆ ಮೊದಲು ಆದದ್ದು ಅಲ್ಲಿ.

ಆದರೆ ಬೇಸಗೆ ಮುಗಿದಾಗ ಕೂಡಿದ್ದ ಹಣ ಕಾಲೇಜಿಗೆ ಸಾಲದಾಯಿತು. ಆಗ ನ್ಯೂಜರ್ಸಿಯ ಮಂಗರ್ ಎಂಬ ಮನೆತನದ ಅಣ್ಣತಂಗಿಯರು ಆಕೆಯ ಓದಿನ ವೆಚ್ಚವನ್ನು ವಹಿಸಿಕೊಂಡರು. ಆಕೆ ಮಿಚಿಗನ್ ವಿಶ್ವವಿದ್ಯಾಲಯವನ್ನು ಸೇರಿ ಸರೀಸೃಪಗಳ ಅಧ್ಯಯನಕ್ಕೆ ತೊಡಗಿದಳು. 1924ರಲ್ಲಿ ಮದುವೆಯಾಯಿತು, ಎರಡು ವರ್ಷಗಳಲ್ಲಿಯೇ ಅದು ಮುರಿಯಿತು. ಹಲವು ವಿದ್ಯಾಲಯಗಳನ್ನು ಸುತ್ತಿ, ಕೊನೆಗೆ 1927ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದಳು. ಅಲ್ಲಿಯೂ ಖರ್ಚಿಗೆ ನೆರವಾದದ್ದು ಶಿಬಿರದಲ್ಲಿ ಕಲಿತ ಉಪಾಯವೇ: ವಿಶ್ವವಿದ್ಯಾಲಯದ ಕಟ್ಟಡಗಳ, ಅಲ್ಲಿಯ ಜಲಪಾತಗಳ ಚಿತ್ರಗಳನ್ನು ತೆಗೆದು ಮಾರಿದಳು. ಹಾವುಗಳ ಶಾಸ್ತ್ರ ಹಿಂದೆ ಸರಿಯಿತು, ಕ್ಯಾಮರಾ ಉಳಿಯಿತು. ತಾಯಿಯ ಮನೆತನದ ಹೆಸರನ್ನು ತಂದೆಯ ಹೆಸರಿಗೆ ಜೋಡಿಸಿಕೊಂಡು ಆಕೆ ಮಾರ್ಗರೆಟ್ ಬರ್ಕ್-ವೈಟ್ ಆದಳು.

ಕ್ಲೀವ್‌ಲೆಂಡ್ ನಗರದಲ್ಲಿ ನೆಲಸಿದ ಆಕೆಯನ್ನು ಅಲ್ಲಿಯ ಓಟಿಸ್ ಉಕ್ಕಿನ ಕಾರ್ಖಾನೆ ಸೆಳೆಯಿತು. ಬಾಲ್ಯದಲ್ಲಿ ತಂದೆಯೊಡನೆ ಕಂಡ ದೃಶ್ಯವನ್ನು ಈಗ ಚಿತ್ರದಲ್ಲಿ ಹಿಡಿಯಬೇಕಾಗಿತ್ತು. ಕಾರ್ಖಾನೆಯ ಅಧ್ಯಕ್ಷನು ಅನುಮತಿಯನ್ನೇನೋ ಕೊಟ್ಟನು. ಆದರೆ ಅಂದಿನ ಫಿಲಂ ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಕಣ್ಣಿಗೆ ಧಗಧಗಿಸುವ ಲೋಹ ಚಿತ್ರದಲ್ಲಿ ಬರಿಯ ಕಪ್ಪಾಗುತ್ತಿತ್ತು. 1927–28ರ ಚಳಿಗಾಲವೆಲ್ಲ ಸೋಲುಗಳಲ್ಲಿಯೇ ಕಳೆಯಿತು. ಕೊನೆಗೆ ಚಲನಚಿತ್ರದವರ ಬಳಕೆಗಾಗಿ ತಯಾರಾಗಿದ್ದ ಮೆಗ್ನೀಸಿಯಮ್ ದೀವಟಿಗೆಗಳನ್ನು ಉರಿಸಿ, ಆ ಬಿಳಿಯ ಬೆಳಕಿನಲ್ಲಿ ಆಕೆ ಚಿತ್ರ ತೆಗೆದಳು. ಆ ಚಿತ್ರಗಳನ್ನು ನೋಡಿದ ಪತ್ರಿಕೋದ್ಯಮಿ ಹೆನ್ರಿ ಲ್ಯೂಸ್ 1929ರಲ್ಲಿ ಆಕೆಯನ್ನು ತನ್ನ ಹೊಸ ಪತ್ರಿಕೆ ‘ಫಾರ್ಚ್ಯೂನ್’ಗೆ ಕರೆಸಿಕೊಂಡನು. 1930ರಲ್ಲಿ ಸೋವಿಯತ್ ರಷ್ಯಕ್ಕೆ ಹೋಗಿ, ಅಲ್ಲಿಯ ಕೈಗಾರಿಕೆಗಳನ್ನು ಚಿತ್ರಿಸಲು ಅನುಮತಿ ಪಡೆದ ಮೊದಲ ವಿದೇಶೀಯಳೆನಿಸಿದಳು. 1936ರ ನವೆಂಬರ್ 23ರಂದು ‘ಲೈಫ್’ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದಾಗ ಅದರ ಮುಖಪುಟದಲ್ಲಿದ್ದುದು ಆಕೆ ತೆಗೆದ, ಮಾಂಟಾನ ರಾಜ್ಯದ ಫೋರ್ಟ್ ಪೆಕ್ ಅಣೆಕಟ್ಟಿನ ಚಿತ್ರ.

ಯಂತ್ರಗಳಿಂದ ಮನುಷ್ಯರ ಕಡೆಗೆ ಆಕೆಯ ಕಣ್ಣು ತಿರುಗಿದ್ದು ಈ ಕಾಲದಲ್ಲಿಯೇ. 1937ರಲ್ಲಿ ಲೂಯಿವಿಲ್ ನಗರ ಪ್ರವಾಹಕ್ಕೆ ಸಿಕ್ಕಿದಾಗ, ಪರಿಹಾರಕ್ಕಾಗಿ ಸಾಲಾಗಿ ನಿಂತ ನೀಗ್ರೋ ಜನರನ್ನೂ, ಅವರ ಹಿಂದೆ ಅಮೆರಿಕದ ಐಶ್ವರ್ಯವನ್ನು ಸಾರುವ ದೊಡ್ಡ ಜಾಹೀರಾತು ಫಲಕದಲ್ಲಿ ಕಾರಿನಲ್ಲಿ ನಗುತ್ತ ಕುಳಿತ ಬಿಳಿಯ ಕುಟುಂಬವನ್ನೂ ಒಂದೇ ಚಿತ್ರದಲ್ಲಿ ಸೇರಿಸಿದಳು. ಅದೇ ವರ್ಷ, ಕಾದಂಬರಿಕಾರ ಅರ್ಸ್ಕಿನ್ ಕಾಲ್ಡ್‌ವೆಲ್‌ನೊಡನೆ ದಕ್ಷಿಣದ ಬಡ ಗೇಣಿದಾರರನ್ನು ಕುರಿತ ಪುಸ್ತಕವೊಂದನ್ನು ಪ್ರಕಟಿಸಿದಳು. ಆ ಪುಸ್ತಕ ಜನರ ಮನಸ್ಸನ್ನು ಕಲಕಿತು, ಆಕ್ಷೇಪವನ್ನೂ ತಂದಿತು. ಚಿತ್ರಗಳ ಕೆಳಗೆ ಆ ಬಡವರೇ ಆಡಿದಂತೆ ಅಚ್ಚಾಗಿದ್ದ ಮಾತುಗಳು ಅವರವಲ್ಲ, ಗ್ರಂಥಕರ್ತರು ತಾವೇ ಕಲ್ಪಿಸಿದವು. ಅದನ್ನು ಅವರು ಪುಸ್ತಕದಲ್ಲಿ ಒಪ್ಪಿಕೊಂಡೂ ಇದ್ದರು. ಆದರೆ ಒಬ್ಬನ ಮುಖಕ್ಕೆ ಇನ್ನೊಬ್ಬನ ಮಾತನ್ನು ಅಂಟಿಸುವುದು ನ್ಯಾಯವೇ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. 1939ರಲ್ಲಿ ಆಕೆ ಕಾಲ್ಡ್‌ವೆಲ್‌ನನ್ನು ವಿವಾಹವಾದಳು. 1942ರಲ್ಲಿ ಆ ದಾಂಪತ್ಯವೂ ಕೊನೆಗಂಡಿತು.

ಎರಡನೆಯ ಮಹಾಯುದ್ಧದ ವರ್ಷಗಳು ಆಕೆಯ ಧೈರ್ಯಕ್ಕೆ ಒರೆಗಲ್ಲಾದುವು. 1941ರಲ್ಲಿ ಜರ್ಮನರು ಮಾಸ್ಕೊ ನಗರದ ಮೇಲೆ ಬಾಂಬು ಸುರಿಸಿದಾಗ ಅಲ್ಲಿದ್ದಳು. ಉತ್ತರ ಆಫ್ರಿಕಕ್ಕೆ ಹೋಗುವಾಗ ಆಕೆಯಿದ್ದ ಹಡಗು ಟಾರ್ಪೆಡೊ ತಗಲಿ ಮುಳುಗಿತು, ದೋಣಿಯಲ್ಲಿ ಪಾರಾದಳು. 1945ರ ಏಪ್ರಿಲಿನಲ್ಲಿ ಅಮೆರಿಕದ ಸೈನ್ಯದೊಡನೆ ಬುಕೆನ್‌ವಾಲ್ಡ್ ಸೆರೆಶಿಬಿರವನ್ನು ಹೊಕ್ಕು, ಮುಳ್ಳುತಂತಿಯ ಹಿಂದೆ ಎಲುಬುಗೂಡುಗಳಂತೆ ನಿಂತಿದ್ದ ಬಂದಿಗಳನ್ನು ಜಗತ್ತಿನ ಕಣ್ಣೆದುರಿಗೆ ತಂದಳು.

ಮರುವರ್ಷ ಆಕೆ ಭಾರತಕ್ಕೆ ಬಂದಳು. ಗಾಂಧೀಜಿಯವರ ಚಿತ್ರ ತೆಗೆಯಲೆಂದು ಪುಣೆಗೆ ಹೋದಾಗ ಅವರ ಕಾರ್ಯದರ್ಶಿ ಕೇಳಿದ ಮೊದಲ ಪ್ರಶ್ನೆ, ಆಕೆಗೆ ನೂಲಲು ಬರುವುದೇ ಎಂಬುದು. ಬಾರದೆಂದಾಗ, ಚರಕವನ್ನು ಅರಿಯದವರು ಚರಕದೆದುರು ಕುಳಿತವರನ್ನು ಹೇಗೆ ಅರಿತಾರು ಎಂಬ ಭಾವದಿಂದ, ಮೊದಲು ಕಲಿಯುವಂತೆ ಹೇಳಲಾಯಿತು. ಉಕ್ಕಿನ ಕಾರ್ಖಾನೆಗಳನ್ನು ಗೆದ್ದು ಬಂದವಳು ಹಂಜಿ ಹಿಡಿದು ಕುಳಿತಳು. ನೂಲು ಮತ್ತೆ ಮತ್ತೆ ಹರಿಯಿತು. ಅನಂತರ ದೊರೆತ ಅನುಮತಿಗೂ ನಿಯಮಗಳಿದ್ದುವು: ಅಂದು ಗಾಂಧೀಜಿಯವರ ಮೌನದ ದಿನ, ಅವರೊಡನೆ ಮಾತನಾಡುವಂತಿಲ್ಲ, ಕಣ್ಣು ಕೋರೈಸುವ ಫ್ಲಾಷ್ ಬಲ್ಬುಗಳನ್ನು ಮೂರಕ್ಕಿಂತ ಹೆಚ್ಚು ಉರಿಸುವಂತಿಲ್ಲ. ಎರಡು ಯತ್ನಗಳು ವಿಫಲವಾದುವು. ಮೂರನೆಯದರಲ್ಲಿ ಚಿತ್ರ ಸಿಕ್ಕಿತು. ಮೊದಲು ವಸ್ತುವನ್ನು ಅರಿ, ಆಮೇಲೆ ಕ್ಯಾಮರಾ ಎತ್ತು ಎಂಬುದು ಕ್ಲಾರೆನ್ಸ್ ವೈಟ್ ಹೇಳಿಕೊಟ್ಟ ಪಾಠದ ತಿರುಳು. ಸರೋವರದ ದಂಡೆಯ ಮಕ್ಕಳಿಗೆ ಉಪಾಧ್ಯಾಯಿನಿಯಾಗಿದ್ದವಳಿಗೆ ಇಪ್ಪತ್ತನಾಲ್ಕು ವರ್ಷಗಳ ಮೇಲೆ ಅದೇ ಪಾಠ ಪುಣೆಯಲ್ಲಿ ಪುನಃ ದೊರೆಯಿತು.

ಆಕೆ ಆ ಪಾಠವನ್ನು ಯಾವಾಗಲೂ ನೆನಪಿನಲ್ಲಿಟ್ಟಿದ್ದಳೆಂದು ಹೇಳಲಾಗದು. 1946ರ ಆಗಸ್ಟಿನಲ್ಲಿ ಕಲ್ಕತ್ತೆಯ ಬೀದಿಗಳ ಹೆಣಗಳನ್ನೂ, 1947ರಲ್ಲಿ ಪಂಜಾಬಿನ ನಿರಾಶ್ರಿತರ ಮುಗಿಯದ ಸಾಲುಗಳನ್ನೂ ಆಕೆಯಷ್ಟು ತೀಕ್ಷ್ಣವಾಗಿ ತೋರಿಸಿದವರು ವಿರಳ. ಆದರೆ ದಣಿದ ನಿರಾಶ್ರಿತರನ್ನು ಒಳ್ಳೆಯ ಚಿತ್ರಕ್ಕಾಗಿ ಹಿಂದಕ್ಕೆ ಹೋಗಿ ಪುನಃ ನಡೆದುಬರುವಂತೆ ಆಕೆ ಹೇಳಿದ್ದುಂಟೆಂದು ಜೊತೆಗಿದ್ದ ವರದಿಗಾರ್ತಿ ನೆನೆದಿದ್ದಾಳೆ. 1948ರ ಜನವರಿ 30ರಂದು, ಹತ್ಯೆಗೆ ಕೆಲವೇ ಗಂಟೆಗಳ ಮೊದಲು, ಗಾಂಧೀಜಿಯವರನ್ನು ಸಂದರ್ಶಿಸಿದವಳು ಆಕೆ. ಅಂದು ಸಂಜೆ ಶೋಕದಲ್ಲಿ ಮುಳುಗಿದ್ದ ಬಿರ್ಲಾ ಭವನದಲ್ಲಿ, ಪಾರ್ಥಿವ ಶರೀರವಿದ್ದ ಕೋಣೆಯೊಳಗೆ ಫ್ಲಾಷ್ ಉರಿಸಿ ಚಿತ್ರ ತೆಗೆಯಹೋದಳು. ನೆರೆದಿದ್ದವರು ಸಿಟ್ಟಿಗೆದ್ದು ಆಕೆಯನ್ನು ತಡೆದು ಹೊರಗೆ ಕಳುಹಿಸಿದರು. ಮೂರೇ ಬಲ್ಬುಗಳ ನಿಯಮವನ್ನು ಒಪ್ಪಿ ನೂಲಲು ಕುಳಿತವಳೂ ಆಕೆಯೇ, ಈ ರಾತ್ರಿ ಎಲ್ಲವನ್ನೂ ಮರೆತವಳೂ ಆಕೆಯೇ. ಈ ಎರಡನ್ನೂ ಸೇರಿಸಿಯೇ ನಾವು ಆಕೆಯನ್ನು ನೋಡಬೇಕು. ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸಿದರೆ ಅದು ಚರಿತ್ರೆಯಾಗಲಾರದು. ಭಾರತದ ಅನುಭವಗಳನ್ನು ಆಕೆ 1949ರಲ್ಲಿ ಪುಸ್ತಕರೂಪದಲ್ಲಿ ಹೊರತಂದಳು.

ಕೊರಿಯದ ಯುದ್ಧವನ್ನು ಚಿತ್ರಿಸಿ ಬಂದ ಹೊತ್ತಿಗೆ ಕೈಕಾಲುಗಳು ಮಾತು ಕೇಳದಾದುವು. ಅದು ಪಾರ್ಕಿನ್‌ಸನ್ ರೋಗವೆಂದು ತಿಳಿಯಿತು. ಕ್ಯಾಮರಾವನ್ನು ಅಲುಗದಂತೆ ಹಿಡಿಯುವುದೇ ಬಾಳಾಗಿದ್ದವಳಿಗೆ ಇದಕ್ಕಿಂತ ಕ್ರೂರವಾದ ವ್ಯಾಧಿ ಬರಲಾರದು. ಆಕೆ ಸೋಲನ್ನೊಪ್ಪಲಿಲ್ಲ. ಬೆರಳುಗಳಿಗಾಗಿ, ನಡಿಗೆಗಾಗಿ ದಿನವೂ ಅಭ್ಯಾಸ ಮಾಡಿದಳು. 1959ರಲ್ಲಿ ಒಮ್ಮೆ, 1961ರಲ್ಲಿ ಇನ್ನೊಮ್ಮೆ ಮೆದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದಳು. ಮೊದಲನೆಯ ಚಿಕಿತ್ಸೆಯ ಕಥೆಯನ್ನು, ಸಹೋದ್ಯೋಗಿ ಆಲ್‌ಫ್ರೆಡ್ ಐಸೆನ್‌ಸ್ಟಾಟ್ ತೆಗೆದ ಚಿತ್ರಗಳೊಡನೆ, ‘ಲೈಫ್’ ಪತ್ರಿಕೆಯಲ್ಲಿ ಪ್ರಕಟಿಸಲು ಒಪ್ಪಿದಳು. ಜೀವಮಾನವೆಲ್ಲ ಇತರರ ಸಂಕಟಕ್ಕೆ ಮಸೂರವನ್ನು ತಿರುಗಿಸಿದವಳು, ತನ್ನ ಸರದಿ ಬಂದಾಗ ಮುಖ ಮರೆಸಿಕೊಳ್ಳಲಿಲ್ಲ. 1963ರಲ್ಲಿ ಆತ್ಮಕಥೆಯನ್ನು ಬರೆದಳು. 1971ರ ಆಗಸ್ಟ್ 27ರಂದು, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಕನೆಕ್ಟಿಕಟ್ಟಿನಲ್ಲಿಯೇ ತೀರಿಕೊಂಡಳು. ಮಕ್ಕಳಿಗೆ ಚಿತ್ರ ತೆಗೆಯುವುದನ್ನು ಕಲಿಸಿದ ಸರೋವರವಿರುವುದೂ ಅದೇ ರಾಜ್ಯದಲ್ಲಿ.

ಅಗಾಮಿಂಗ್ ಶಿಬಿರದಲ್ಲಿ ಆಕೆಯಿಂದ ಪಾಠ ಕೇಳಿದ ಮಕ್ಕಳಲ್ಲಿ ಬಹುಮಂದಿ ಆಕೆಯಂತೆ ಛಾಯಾಗ್ರಾಹಕರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬೇಸಗೆಯ ಕೆಲವು ವಾರಗಳಲ್ಲಿ ಯಾರನ್ನೂ ಕಲಾವಿದರನ್ನಾಗಿ ಮಾಡಲಾಗದು. ಎದುರಿಗಿರುವುದರ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದನ್ನು ಮಾತ್ರ ಕಲಿಸಬಹುದು. ಇಂದು ಕ್ಯಾಮರಾ ಇಲ್ಲದ ಕಿಶೋರರೇ ವಿರಳ. ಕತ್ತಲೆ ಕೋಣೆಯೂ ಬೇಡ, ಹೈಪೊವೂ ಬೇಡ. ಮೂರು ಬಲ್ಬುಗಳ ಮಿತಿಯಂತೂ ಯಾರಿಗೂ ಇಲ್ಲ. ಆದುದರಿಂದಲೇ, ಅವರಿಗೆ ಈ ಕಲೆಯನ್ನು ಕಲಿಸಹೊರಟವರು ಮೊದಲ ದಿನ ಕ್ಯಾಮರಾಗಳನ್ನು ಬದಿಗಿರಿಸಿ, ಅಂದವಿಲ್ಲದ ಒಂದು ಗೇಟಿನ ಮುಂದೆಯೋ, ನೂಲುತ್ತಿರುವ ಒಬ್ಬ ಮುದುಕಿಯ ಮುಂದೆಯೋ ಅವರನ್ನು ಕೂರಿಸುವುದು ಒಳ್ಳೆಯದು. ಮಾರ್ಗರೆಟ್ ಬರ್ಕ್-ವೈಟ್ ಗೆದ್ದದ್ದು ಆ ತಾಳ್ಮೆ ಇದ್ದಾಗ. ಎಡವಿದ್ದು ಅದನ್ನು ಮರೆತಾಗ.